ಬೆನ್ನೊಳಗಿನ ಸ್ಟಿಮ್ಯುಲೇಟರ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ವಿಮರ್ಶೆ

ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ (ಬೆನ್ನುಹುರಿಗೆ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸುವ ಉಪಕರಣ) ಹಾಕಿಸಿಕೊಳ್ಳಲಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನದು ಡಿಸ್ಕ್ ಆಪರೇಷನ್ ಆದ ಮೇಲೂ ಬಿಡದ ನೋವು. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಉರಿ. ಮಾತ್ರೆ, ಫಿಸಿಯೋಥೆರಪಿ, ಬೆನ್ನಿಗೆ ಇಂಜೆಕ್ಷನ್ ಎಲ್ಲ ಮಾಡಿಸಿ ಆದ ಮೇಲೆ ಇದಕ್ಕೆ ಒಪ್ಪಿದೆ. ನೋವು ಪೂರ್ತಿ ಹೋಗಿಲ್ಲ. ಆದರೆ ಈಗ ನಿಂತುಕೊಂಡೇ ಒಂದು ಹೊತ್ತಿನ ಅಡುಗೆ ಮುಗಿಸುತ್ತೇನೆ. ರಾತ್ರಿ ನಿದ್ದೆ ಬರುತ್ತದೆ. ನರದ ನೋವಿನ ಮಾತ್ರೆ ಅರ್ಧಕ್ಕೆ ಇಳಿದಿದೆ.

ಬೆನ್ನುಹುರಿಯ ಹಿಂಬದಿಗೆ, ಅದರ ಹೊದಿಕೆಯ ಹೊರಗೆ, ಸಣ್ಣ ತಂತಿಗಳನ್ನು ಕೂರಿಸುತ್ತಾರೆ. ಸೊಂಟದ ಕೆಳಗೆ ಚರ್ಮದಡಿ ಬ್ಯಾಟರಿ ಇರುತ್ತದೆ. ಏಟು ಬಿದ್ದ ಜಾಗವನ್ನು ನಾವು ತಟ್ಟನೆ ಉಜ್ಜಿಕೊಳ್ಳುತ್ತೇವೆ, ನೋವು ಸ್ವಲ್ಪ ಇಳಿಯುತ್ತದೆ ಅಲ್ವಾ? ಸ್ಪರ್ಶದ ನರಗಳು ಎಚ್ಚೆತ್ತರೆ ಬೆನ್ನುಹುರಿಯಲ್ಲಿ ನೋವಿನ ದಾರಿ ಮುಚ್ಚಿಕೊಳ್ಳುತ್ತದೆ ಅಂತ ಮೆಲ್ಜಾಕ್ ಮತ್ತು ವಾಲ್ ಅನ್ನುವ ವಿಜ್ಞಾನಿಗಳು 1965ರಲ್ಲಿ ಹೇಳಿದರು. ಎರಡೇ ವರ್ಷಕ್ಕೆ, 1967ರಲ್ಲಿ, ಅಮೆರಿಕದ ನರಶಸ್ತ್ರಚಿಕಿತ್ಸಕ ನಾರ್ಮನ್ ಶೀಲಿ ಇಂಥ ಉಪಕರಣವನ್ನು ಮೊದಲ ಸಲ ಒಬ್ಬ ರೋಗಿಗೆ ಅಳವಡಿಸಿದರು. ನನ್ನದು ಅದೇ ಹಳೇ ಬಗೆಯದು. ಆನ್ ಮಾಡಿದರೆ ಕಾಲಿನಲ್ಲಿ ಜುಮುಜುಮು ಅನ್ನಿಸುತ್ತದೆ, ಉರಿ ಅದರಡಿ ಅಡಗುತ್ತದೆ. ಸೆಕೆಂಡಿಗೆ 10,000 ಸಲ ಮಿಡಿಯುವ ಹೊಸ ಬಗೆಯಲ್ಲಿ ಈ ಜುಮುಜುಮು ಇರುವುದಿಲ್ಲ.

ದೊಡ್ಡ ತೊಂದರೆ ಮೈ ಹೊರಳಿಸುವಾಗ ಬರುತ್ತದೆ. ಅಂಗಾತ ಮಲಗಿದರೆ ಬೆನ್ನುಹುರಿ ತಂತಿಗೆ ಹತ್ತಿರ ಬರುತ್ತದೆ. ಕೂತಾಗ ಹಿತವಾಗಿದ್ದ ಕರೆಂಟೇ ಆಗ ಜಾಸ್ತಿಯಾಗಿಬಿಡುತ್ತದೆ. ಕೆಮ್ಮಿದರೆ, ಸೀನಿದರೆ ಕಾಲಿಗೆ ಝಲ್ ಅಂತ ಹೊಡೆಯುತ್ತದೆ. ಹಾಗಾಗಿ ರಿಮೋಟ್ ಸದಾ ಕೈಗೆ ಸಿಗುವಂತಿರಬೇಕು. ಹೊಸ ಸಂಶೋಧನೆ ಇದನ್ನೇ ಹಿಡಿದುಕೊಂಡಿದೆ ಅಂತ ತಿಳಿದಾಗ ನಿಜವಾಗಿ ಸಂತೋಷವಾಯಿತು. ಆಸ್ಟ್ರೇಲಿಯಾದ ಸಲೂಡಾ ಕಂಪನಿಯ ಇವೋಕ್ ಅನ್ನುವ ಸ್ಟಿಮ್ಯುಲೇಟರ್ ಪ್ರತಿ ಮಿಡಿತಕ್ಕೂ ನರ ಎಷ್ಟು ಸ್ಪಂದಿಸಿತು ಅಂತ ಅಳೆದು, ಕರೆಂಟನ್ನು ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುತ್ತದೆ. ಅಮೆರಿಕದಲ್ಲಿ 2022ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇವತ್ತು ಹಾಕಿಸಿಕೊಳ್ಳುವವರು ಈ ಬಗೆಯದು ಇಲ್ಲಿ ಸಿಗುತ್ತದಾ ಅಂತ ಖಂಡಿತ ವಿಚಾರಿಸಿ.

ಇನ್ನೊಂದು ಸಂಶೋಧನೆಯ ಬಗ್ಗೆ ಹೇಳಲೇಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಸಾದ್ ಶಿರ್ವಾಲ್ಕರ್ ಮತ್ತು ಜೊತೆಯವರು ನಾಲ್ಕು ಜನರ ಮೆದುಳಿನೊಳಗೆ ಎಲೆಕ್ಟ್ರೋಡ್ ಇಟ್ಟರು. ಮೂವರಿಗೆ ಪಾರ್ಶ್ವವಾಯು ಆದ ಮೇಲೆ ಉಳಿದ ನೋವು, ಒಬ್ಬರಿಗೆ ಕತ್ತರಿಸಿ ತೆಗೆದ, ಈಗ ಇಲ್ಲದ ಕಾಲಿನಲ್ಲೇ ಅನ್ನಿಸುವ ನೋವು. ಅವರು ಮನೆಯಲ್ಲೇ ಇದ್ದು, ದಿನಕ್ಕೆ ಹಲವು ಸಲ ನೋವಿಗೆ ಅಂಕ ಕೊಟ್ಟು, ಅದೇ ಹೊತ್ತಿಗೆ ಮೆದುಳಿನ ಸಂಕೇತ ದಾಖಲಿಸಿದರು. ತಿಂಗಳುಗಟ್ಟಲೆ ಹೀಗೆ ನಡೆಯಿತು. ಹಣೆಯ ಹಿಂದೆ, ಕಣ್ಣುಗಳ ಮೇಲಿರುವ ಮೆದುಳಿನ ಭಾಗದ ಸಂಕೇತ ನೋಡಿ ನೋವು ಎಷ್ಟಿದೆ ಅಂತ ಊಹಿಸಲು ಸಾಧ್ಯವಾಯಿತು. 2023ರಲ್ಲಿ ಇದು ಪ್ರಕಟವಾಯಿತು. ಸ್ಕ್ಯಾನ್ ರಿಪೋರ್ಟ್ ಸರಿ ಇದೆ, ನೋವು ನಿಮ್ಮ ಮನಸ್ಸಿನಲ್ಲಿದೆ ಅಂತ ನಮ್ಮಂಥವರು ಎಷ್ಟು ಸಲ ಕೇಳಿಸಿಕೊಂಡಿಲ್ಲ! ಬರೀ ನಾಲ್ಕು ಜನ, ನಿಜ. ಆದರೂ ಹೇಳಿದ ನೋವಿಗೆ ಮೆದುಳಿನಲ್ಲಿ ಗುರುತು ಸಿಕ್ಕಿತು. ಓದಿದಾಗ ನನಗೆ ಅಳು ಬಂತು.

ಖರ್ಚು ಲಕ್ಷಗಟ್ಟಲೆ. ವಿಮೆಯವರು ಆಪರೇಷನ್ ದುಡ್ಡು ಕೊಟ್ಟರು, ಉಪಕರಣದ ಬಿಲ್ಲಿನಲ್ಲಿ ಬಹಳ ಕಡಿತ ಮಾಡಿದರು. ನಾನಿರುವುದು ಶಿವಮೊಗ್ಗ ಕಡೆ. ಪ್ರೋಗ್ರಾಮ್ ಬದಲಿಸಲು ಬೆಂಗಳೂರಿಗೇ ಹೋಗಬೇಕು, ಕಂಪನಿಯವರು ಬರುವ ದಿನಕ್ಕೆ ಕಾಯಬೇಕು. ಉರಿ ಏರಿರುವಾಗ ಆ ಪ್ರಯಾಣ ಬಹಳ ಕಷ್ಟ. ಚಾರ್ಜಿಂಗ್ ಮಾತ್ರ ತಲೆನೋವಲ್ಲ. ವಾರಕ್ಕೊಂದು ಸಲ ಬೆಲ್ಟ್ ಕಟ್ಟಿಕೊಂಡು ಕೂತರೆ ಆಯಿತು.

ಎಲ್ಲರಿಗೂ ಇದು ಕೆಲಸ ಮಾಡುವುದಿಲ್ಲ. ಸೊಂಟನೋವಿಗೆ ಸ್ಟಿಮ್ಯುಲೇಟರ್ ಬಳಸಿದ ಅಧ್ಯಯನಗಳನ್ನೆಲ್ಲ ತೂಗಿ ನೋಡಿದ, ಚಿಕಿತ್ಸೆಗಳ ಆಧಾರ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ 2023ರಲ್ಲಿ ಬಂತು. ಸಂಶೋಧನೆಗಾಗಿ ನಡೆಸುವ ಪ್ರಯೋಗದ ಹೊರಗೆ ಇದನ್ನು ಬಳಸಲು ಆಧಾರ ಸಾಲದು ಅಂತ ಅದು ಹೇಳಿತು. ನನಗೆ ಗುಣ ಕಂಡಿದೆ ಅಂತ ಆ ಮಾತನ್ನು ತಳ್ಳಿಹಾಕಲಾರೆ. ನಿಮ್ಮ ಡಾಕ್ಟರ ಹತ್ತಿರ ಅದನ್ನು ನೇರವಾಗಿ ಕೇಳಿ.

ಟ್ರಯಲ್ ಇಲ್ಲದೆ ಮಾತ್ರ ಒಪ್ಪಬೇಡಿ. ಸೂಜಿಯಿಂದ ತಂತಿ ತೂರಿಸಿ, ಬ್ಯಾಟರಿ ಹೊರಗೇ ಇಟ್ಟು, ಸುಮಾರು ಒಂದು ವಾರ ನೋಡುತ್ತಾರೆ. ನೋವು ಅರ್ಧದಷ್ಟಾದರೂ ಇಳಿದರೆ ಮುಂದಿನ ಆಪರೇಷನ್. ಆ ವಾರ ಸುಮ್ನೆ ಮಲಗಿರಬೇಡಿ. ಬಗ್ಗುವುದು, ತಿರುಚುವುದು, ಭಾರ ಎತ್ತುವುದು ಬೇಡ. ಆದರೆ ಡಾಕ್ಟರು ಬಿಟ್ಟಷ್ಟು ನಡೆಯಿರಿ, ನಿಲ್ಲಿ, ಯಾವ ಕೆಲಸದಲ್ಲಿ ನೋವು ಏಳುತ್ತದೋ ಅದನ್ನು ಮಾಡಿ ನೋಡಿ. ಮುಂದೆ ಎಂಆರ್‌ಐ ಬೇಕಾದರೆ ಯಾವ ಭಾಗಕ್ಕೆ, ಯಾವ ಮಷಿನ್ನಿನಲ್ಲಿ ಮಾಡಿಸಬಹುದು ಅನ್ನುವುದನ್ನೂ ಆಪರೇಷನ್ನಿಗೆ ಮೊದಲೇ ಬರೆಸಿಕೊಳ್ಳಿ.