ಭೋಂಗಾ ಕಟ್ಟಿದ ಆಟೋ, ಆರು ದಿನದ ಬಾಡಿಗೆ

ನಮ್ಮ ನೆಂಟರೊಬ್ಬರು ತಮ್ಮೂರಿನ ಪಟ್ಟಣ ಪಂಚಾಯಿತಿಗೆ ನಿಲ್ಲಬೇಕು ಅಂತಿದ್ದಾರೆ. "ಪ್ರಚಾರಕ್ಕೆ ನೀವು ಇಟ್ಟುಕೊಂಡಿದ್ದ ಆ ಆಟೋ ಹೆಂಗಿತ್ತಪಾ?" ಅಂತ ಫೋನಿನಲ್ಲಿ ಕೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಆಟೋದವರ ಹೆಸರು ಹಾಕುವುದಿಲ್ಲ, ಯಾಕಂದ್ರೆ ಒಂದೆರಡು ದೂರೂ ಇವೆ.

2021ರ ಬೆಳಗಾವಿ ಪಾಲಿಕೆ ಚುನಾವಣೆ ಅದು. ವಡಗಾವಿ ಕಡೆಯ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು, ನಮ್ಮ ವೈನಿ, ಅಂದರೆ ಅತ್ತಿಗೆ, ಪಕ್ಷೇತರರಾಗಿ ನಿಂತರು. ಅವರು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅದೃಷ್ಟಕ್ಕೆ ಸಿಕ್ಕ ಚಿಹ್ನೆಯೂ ಹೊಲಿಗೆ ಯಂತ್ರ. ನಾನು ಖಡೇಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹಾಗಾಗಿ ಖರ್ಚಿನ ಪುಸ್ತಕ ಯಾರೂ ಕೇಳದೇ ನನ್ನ ಕೈಗೆ ಬಂತು.

ಹಿಂದಿನ ಪಾಲಿಕೆಯ ಅವಧಿ 2019ರ ಮಾರ್ಚಿಗೇ ಮುಗಿದಿತ್ತು. ಎರಡೂವರೆ ವರ್ಷ ಗಟಾರ ಕಟ್ಟಿದರೆ ಹೋಗಿ ಕೇಳೋಕೆ ಕಾರ್ಪೊರೇಟರೇ ಇರಲಿಲ್ಲ. ಅದಕ್ಕೇ ಜನರಿಗೆ ಹುರುಪು ಜಾಸ್ತಿ ಇತ್ತು. ಆದರೆ ಆ ಸಲ ಒಂದು ಹೊಸದು ನಡೆಯಿತು. ಮೊದಲೆಲ್ಲ ಕನ್ನಡ ಗುಂಪು, ಮರಾಠಿ ಗುಂಪು ಅಂತ ನಡೆಯುತ್ತಿದ್ದ ಚುನಾವಣೆಗೆ ದೊಡ್ಡ ಪಕ್ಷಗಳು ಮೊದಲ ಬಾರಿ ತಮ್ಮ ಚಿಹ್ನೆ ಹಿಡಿದು ಇಳಿದವು. ಕಮಲ, ಕೈ ಯಾವುದು ಅಂತ ಸಣ್ಣ ಹುಡುಗರಿಗೂ ಗೊತ್ತು. ನಮ್ಮ ಹೊಲಿಗೆ ಯಂತ್ರಕ್ಕೆ ಇದ್ದಿದ್ದು ಆರೇ ದಿನ. ಕೋವಿಡ್ ಕಾಲ ಬೇರೆ, ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗುವಂತಿಲ್ಲ. ಆಟೋ ಬಿಟ್ಟರೆ ದಾರಿ ಇರಲಿಲ್ಲ.

ಬಾಡಿಗೆ ದಿನಕ್ಕೆ 1,800, ಪೆಟ್ರೋಲ್ ಸೇರಿ. ರೆಕಾರ್ಡಿಂಗಿಗೆ ಬೇರೆ 1,500. ಮುಂದೊಂದು ಹಿಂದೊಂದು ಭೋಂಗಾ (ನಮ್ಮ ಕಡೆ ಲೌಡ್‌ಸ್ಪೀಕರಿಗೆ ಹಂಗಂತೀವಿ), ಸೀಟಿನ ಕೆಳಗೆ ಆಂಪ್ಲಿಫೈಯರ್, ಅದರ ಮೇಲೆ ಗೊಬ್ಬರದ ಚೀಲದ ಹೊದಿಕೆ. ಆಗಸ್ಟ್ ಕೊನೆಯ ಜಿಟಿಜಿಟಿ ಮಳೆ ನಮ್ಮೂರಲ್ಲಿ ಹೇಗಿರುತ್ತೆ ಗೊತ್ತಲ್ಲ. ಆರು ದಿನದಲ್ಲಿ ಒಮ್ಮೆಯೂ ಮಳೆಗೆ ದನಿ ನಿಲ್ಲಲಿಲ್ಲ.

ದನಿ ಆಟೋದವರದ್ದೇ. ನಾನು ಬರೆದುಕೊಟ್ಟಿದ್ದನ್ನು ಓದಿ ಮುಖ ಸಿಂಡರಿಸಿದರು. "ಸರ, ಇದು ಭಾಳ ಉದ್ದ ಆತ್ರಿ. ಆಟೋ ಗಲ್ಲಿ ದಾಟೂದ್ರಾಗ ಅಕ್ಕಾರ ಹೆಸರೇ ಬರೂದಿಲ್ಲ." ಅಷ್ಟೂ ಹೊಡೆದುಹಾಕಿ ತಾವೇ ಒಂದು ಸಾಲು ಮಾಡಿದರು: "ಮಶೀನಿನ್ಯಾಗಿನ ಮಶೀನಿಗೆ ಓಟ್ ಹಾಕ್ರಿ!" ಕನ್ನಡದವರಿಗೂ ಮಶೀನು, ಮರಾಠಿಯವರಿಗೂ ಮಶೀನು, ಉರ್ದುವಿನವರಿಗೂ ಮಶೀನು. ಮೂರೂ ಭಾಷೆಯಲ್ಲಿ ಅವರೇ ಮಾತಾಡಿದ್ದರು. ಎರಡನೇ ದಿನಕ್ಕೆ ಹುಡುಗರು ವೈನಿಯನ್ನು ಕಂಡಲ್ಲೆಲ್ಲ "ಮಶೀನ್ ಕಾಕೂ" ಅಂತ ಕೂಗಲು ಶುರು ಮಾಡಿದರು. ನನ್ನ ಬರಹ ಹೋಗಿದ್ದಕ್ಕೆ ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ನಾನು ದುಡ್ಡು ಕೊಟ್ಟಿದ್ದು ಸಾರ್ಥಕ ಅನಿಸಿದ್ದು ಬೇರೆ ಕಾರಣಕ್ಕೆ. ವಡಗಾವಿಯಲ್ಲಿ ಒಂದೊಂದು ಗಲ್ಲಿಗೆ ಎಷ್ಟು ಪವರ್‌ಲೂಮ್ ಅಂತ ಬಂದು ನೋಡಿದವರಿಗೇ ಗೊತ್ತು. ಸೀರೆ ಮಗ್ಗ ಖಟಖಟ ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಬೇರೆ ಅಭ್ಯರ್ಥಿಗಳ ಆಟೋಗಳು ಬೆಳಗ್ಗೆ ಹತ್ತಕ್ಕೇ ಬಂದು ಭೋಂಗಾ ಹರಿಯುವ ಹಾಗೆ ಕೂಗಿಸಿ ಹೋಗುತ್ತಿದ್ದವು. ನಮ್ಮವರು ಗಲ್ಲಿಯ ಬಾಯಲ್ಲಿ ಆಟೋ ನಿಲ್ಲಿಸಿ, ಚಹಾ ಹಿಡಿದು ಸುಮ್ನೆ ಕೂತಿದ್ದರು. ನನಗೆ ಮೈ ಉರಿಯಿತು. ದಿನದ ಬಾಡಿಗೆ ತಗೊಂಡು ಚಹಾ ಕುಡೀತಾನಲ್ಲ ಅಂತ. "ಯಾಕ್ರಿ ನಿಂತೀರಿ?" ಅಂದೆ. "ಇನ್ನ ಹತ್ತ ನಿಮಿಷ ತಡೀರಿ ಸರ" ಅಂದರು.

ಒಂದೂವರೆಗೆ ಮಗ್ಗಗಳು ಒಂದೊಂದಾಗಿ ನಿಂತವು. ಊಟದ ಹೊತ್ತು. ಗಲ್ಲಿ ತುಂಬ ಒಮ್ಮೆಲೇ ಮೌನ. ಆಗ ಆಟೋ ಒಳಗೆ ಹೋಯಿತು, ದನಿ ಅರ್ಧಕ್ಕೆ ಇಳಿಸಿ. ರೊಟ್ಟಿ ತಟ್ಟೆ ಹಿಡಿದುಕೊಂಡೇ ಜನ ಬಾಗಿಲಿಗೆ ಬಂದರು. ಅಲ್ಲಿಂದ ಮುಂದೆ ನಾನು ಅವರಿಗೆ ಟೈಮ್ ಹೇಳಲು ಹೋಗಲಿಲ್ಲ. ಕರೆಂಟ್ ಹೋದರೆ ಸಾಕು, ಎಲ್ಲಿದ್ದರೂ ಮಗ್ಗದ ಗಲ್ಲಿಗೆ ಓಡಿ ಬರುತ್ತಿದ್ದರು.

ಇನ್ನೊಂದು ಹೇಳಲೇಬೇಕು. ನಾಲ್ಕನೇ ದಿನ ಒಂದು ಮನೆಯಲ್ಲಿ ಸಾವಾಗಿತ್ತು. ಭೋಂಗಾ ಅಷ್ಟೇ ಅಲ್ಲ, ಇಂಜಿನ್ನೂ ಬಂದ್ ಮಾಡಿ ಆ ಮನೆ ದಾಟುವ ತನಕ ಆಟೋ ತಳ್ಳಿಕೊಂಡು ಹೋದರು. ನಾನೂ ಹಿಂದಿನಿಂದ ಕೈ ಹಚ್ಚಿದೆ. ಆ ಮನೆಯವರು ತಿಂಗಳಾದ ಮೇಲೂ ವೈನಿ ಹತ್ತಿರ ಅದನ್ನು ನೆನೆಸಿದರಂತೆ.

ಈಗ ದೂರು. ಸಂಜೆ ಹೊತ್ತು ಅವರು ಪಕ್ಕದ ವಾರ್ಡಿನ ಅಭ್ಯರ್ಥಿಗೂ ಆಟೋ ಓಡಿಸುತ್ತಿದ್ದರು. ಅದು ತಪ್ಪಲ್ಲ. ಆದರೆ ಐದನೇ ದಿನ ಬೆಳಗ್ಗೆ ಆ ಅಭ್ಯರ್ಥಿಯ ಪೆನ್ ಡ್ರೈವ್ ಹಾಕಿಕೊಂಡು ನಮ್ಮ ಗಲ್ಲಿಗೇ ಬಂದರು! ಎರಡು ಗಲ್ಲಿ ಮುಗಿಯುವ ತನಕ ಅವರಿಗೇ ಗೊತ್ತಾಗಿಲ್ಲ. ಹೆಂಗಸರು ಮನೆಗೆ ಬಂದು, "ವೈನಿ, ಚಿಹ್ನೆ ಬದಲಾತೇನ್ರಿ?" ಅಂತ ಕೇಳಿದರು. ಹೊಸ ವಾರ್ಡು ಗಡಿಯಲ್ಲಿ ಈ ಬದಿ ಮನೆ ಒಂದು ವಾರ್ಡು, ಆ ಬದಿ ಇನ್ನೊಂದು. ಜನ ಮೊದಲೇ ಗೊಂದಲದಲ್ಲಿದ್ದರು, ಇವರು ಇನ್ನಷ್ಟು ಕಲಸಿದರು. ಆ ದಿನದ ಅರ್ಧ ಬಾಡಿಗೆ ಹಿಡಿದೆ. ತಕರಾರು ಮಾಡಲಿಲ್ಲ.

ಬಿಲ್ಲಿನ ಕಥೆ ಇನ್ನೂ ಚೆನ್ನಾಗಿದೆ. ನಮ್ಮದೇ ಕರಪತ್ರದ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಟ್ಟರು. ಚುನಾವಣೆ ಲೆಕ್ಕಕ್ಕೆ ಅದನ್ನು ಹಚ್ಚೋಕಾಗುತ್ತಾ? ಕೊನೆಯಲ್ಲಿ "ಇತರೆ 600" ಅಂತ ಬೇರೆ. ಕೇಳಿದರೆ ಭೋಂಗಾದ ಯೂನಿಟ್ ಸುಟ್ಟಿತ್ತಂತೆ. ಯೂನಿಟ್ ನಿಮ್ಮದು, ನಾನ್ಯಾಕೆ ಕೊಡಲಿ ಅಂದೆ. ಕೊನೆಗೆ 300ಕ್ಕೆ ಇತ್ಯರ್ಥ. ತಾರೀಖು, ಸಹಿ ಇರುವ ಸರಿಯಾದ ಬಿಲ್ಲಿಗೆ ನಾಲ್ಕು ಸಲ ಅಲೆದೆ.

ಸೆಪ್ಟೆಂಬರ್ 1ರ ಸಂಜೆ ಬಹಿರಂಗ ಪ್ರಚಾರ ಮುಗಿಯಿತು. ಗಡಿಯಾರ ನೋಡಿ, ಮಾತಿನ ನಡುವೆಯೇ ಪಟ್ ಅಂತ ಬಂದ್ ಮಾಡಿದರು. ಮರುದಿನವೇ ಭೋಂಗಾ ಬಿಚ್ಚಿ ಗಣಪತಿ ಮಂಡಳಿಯವರ ಜೊತೆ ಮಾತಾಡುತ್ತಿದ್ದರು. ಆ ಸಲ ಚೌತಿ 10ಕ್ಕೇ ಇತ್ತು.

3ಕ್ಕೆ ಮತದಾನ, 6ಕ್ಕೆ ಎಣಿಕೆ. ವೈನಿ ಮೂರನೇ ಸ್ಥಾನ. 58 ವಾರ್ಡುಗಳಲ್ಲಿ ಬಿಜೆಪಿಗೇ 35 ಬಂದವು, ಆಟೋವನ್ನು ಬೈದು ಏನು ಮಾಡೋದು. ಗೆದ್ದವರಾದರೂ ಮೇಯರ್ ಆರಿಸಿದ್ದು 2023ರ ಫೆಬ್ರುವರಿ 6ಕ್ಕೆ. ಅಷ್ಟರಲ್ಲಿ ವೈನಿಗೆ ಸೋತಿದ್ದೇ ಮರೆತುಹೋಗಿತ್ತು. ಬಾಕಿ ದುಡ್ಡಿಗೆ ಬಂದ ಆಟೋದವರು ಹೆಂಡತಿಯ ಎರಡು ಬ್ಲೌಸ್ ಪೀಸ್ ತಂದಿದ್ದರು. ಹೊಲಿಗೆ ದುಡ್ಡು ಮುರಿದುಕೊಂಡು ಉಳಿದಿದ್ದು ಕೊಟ್ಟೆ.

ಐದಕ್ಕೆ ನಾಲ್ಕು ಸ್ಟಾರ್. ಪೆನ್ ಡ್ರೈವ್ ನೀವೇ ಇಟ್ಟುಕೊಳ್ಳಿ, ಬೆಳಗ್ಗೆ ಕೊಟ್ಟು ಸಂಜೆ ವಾಪಸ್ ತಗೊಳ್ಳಿ. ಬಿಲ್ ದಿನದ್ದು ದಿನಕ್ಕೇ ಬರೆಸಿಕೊಳ್ಳಿ.

ನೆಂಟರಿಗಾಗಿ ಮೊನ್ನೆ ಅವರಿಗೆ ಫೋನ್ ಮಾಡಿದ್ದೆ. ಬಾಡಿಗೆ ಮಾತು ಆಮೇಲೆ ಬಂತು. ಮೊದಲು ಕೇಳಿದ್ದು, "ಆ ಊರಾಗ ಸಂತಿ ಯಾವ ದಿನಾರಿ?"