ಹಿಟ್ಟೈಟ್, ಲುವಿಯನ್, ಲಿಸಿಯನ್: ಮೊದಲು ಯಾವುದನ್ನು ಕಲಿಯಬೇಕು?

ಪ್ರಾಚೀನ ಅನಟೋಲಿಯಾದ, ಅಂದರೆ ಇಂದಿನ ಟರ್ಕಿಯ, ಈ ಮೂರೂ ಒಂದೇ ಕುಟುಂಬದ ಭಾಷೆಗಳು. ಕಲಿಯುವ ಕಷ್ಟ ಮಾತ್ರ ಬೇರೆಬೇರೆ.

ವ್ಯಾಕರಣ ಗಟ್ಟಿಯಾಗಬೇಕೆಂದರೆ ಹಿಟ್ಟೈಟ್. ರಾಜಧಾನಿ ಹತ್ತುಸದಲ್ಲಿ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕಿವೆ. 1915ರಲ್ಲಿ ಜೆಕ್ ವಿದ್ವಾಂಸ ಹ್ರೋಜ್ನಿ ಭಾಷೆಯ ಗುಟ್ಟು ಬಿಡಿಸಿದರು. ಸಂಸ್ಕೃತ ಬಲ್ಲವರಿಗೆ ಪರಿಚಿತ ಮುಖಗಳೂ ಕಾಣುತ್ತವೆ: 'ಗೇನು' ಎಂದರೆ ಜಾನು, ಮೊಣಕಾಲು. ಹಿಟ್ಟೈಟ್ ಬರೆಯುತ್ತಿದ್ದ ಬೆಣೆಲಿಪಿಯ (ಹಸಿಮಣ್ಣಿಗೆ ಒತ್ತಿದ ಬೆಣೆಯಾಕಾರದ ಗುರುತುಗಳ) ಪ, ಪಿ, ಪು ನಮ್ಮ ಕಾಗುಣಿತದಂತೆಯೇ. ಆದರೆ ಒತ್ತಕ್ಷರವಿಲ್ಲ, ವ್ಯಂಜನಗಳು ಜೊತೆಯಾದಾಗ ಉಚ್ಚರಿಸದ ಸ್ವರವೊಂದು ಬರಹದಲ್ಲಿ ನುಸುಳುತ್ತದೆ. ಅದನ್ನೂ ಓದಿಬಿಡುವುದು ಹೊಸಬರ ಮಾಮೂಲಿ ತಪ್ಪು. ಕೆಲವು ಪದಗಳಿಗೆ ಮೆಸೊಪೊಟೇಮಿಯದ ಹಳೆಯ ಭಾಷೆಯಾದ ಸುಮೇರಿಯನ್‌ನ ಚಿಹ್ನೆಯನ್ನೇ ಬರೆಯುತ್ತಿದ್ದರು; ಅದರ ಹಿಂದೆ ಅವಿತ ಹಿಟ್ಟೈಟ್ ಪದ ಎಷ್ಟೋ ಸಲ ತಿಳಿಯುವುದೇ ಇಲ್ಲ.

ಶಿಲಾಶಾಸನದ ಹುಚ್ಚಿದ್ದರೆ ಚಿತ್ರಲಿಪಿಯ ಲುವಿಯನ್. ಸಾಲುಗಳು ಎತ್ತು ಉತ್ತ ಹಾಗೆ ದಿಕ್ಕು ಬದಲಿಸುತ್ತವೆ. ಪ್ರಾಣಿಗಳ ಮುಖ ಎತ್ತ ತಿರುಗಿದೆಯೋ ಆ ಕಡೆಯಿಂದ ಓದಬೇಕು. 1946ರಲ್ಲಿ ಸಿಕ್ಕ, ದಕ್ಷಿಣ ಟರ್ಕಿಯ ಕರಾತೆಪೆಯ ಫಿನೀಷಿಯನ್-ಲುವಿಯನ್ ದ್ವಿಭಾಷಾ ಶಾಸನ ದೊಡ್ಡ ಆಸರೆ. ಎಚ್ಚರ: 1970ರ ದಶಕದಲ್ಲಿ ಕೆಲವು ಮುಖ್ಯ ಚಿಹ್ನೆಗಳ ಓದು ಬದಲಾಗಿ 'ಜ', 'ಜಿ' ಎಂದಾಯಿತು. ಅದಕ್ಕಿಂತ ಹಳೆಯ ಲಿಪ್ಯಂತರ ಹಿಡಿದು ಕೂತರೆ ಕಲಿತದ್ದನ್ನೆಲ್ಲ ಮರೆಯಬೇಕಾದೀತು.

ಲಿಸಿಯನ್ ಲಿಪಿ ಗ್ರೀಕ್ ಮೂಲದ್ದು, ಬೇಗ ಬರುತ್ತದೆ. ಆದರೆ ಸಿಗುವುದು ಬಹುಪಾಲು ಗೋರಿಬರಹ; ಪದಸಂಪತ್ತು ಬೆಳೆಯದು.

ನಮ್ಮ ಮತ ಹಿಟ್ಟೈಟ್‌ಗೆ. ಅದರ ಕ್ರಿಯಾರೂಪಗಳು ಕೈವಶವಾದ ಮೇಲೆ ಲುವಿಯನ್‌ಗೆ ದಾಟಿ.