ಹಳೆಯ ಜೆಟ್ ಸ್ಕೀ: ಕಾರ್ಬೊರೇಟರ್ ಇರೋದು ತಗೋಬೇಕಾ, ಇಂಜೆಕ್ಷನ್ ಇರೋದಾ? ಒಂಬತ್ತು ವರ್ಷ ಎರಡನ್ನೂ ಓಡಿಸಿ ಬರೆದದ್ದು

ನನ್ನ ಹತ್ತಿರ ಎರಡು ಹಳೆಯ ಜೆಟ್ ಸ್ಕೀಗಳಿವೆ, ಅಂದರೆ ನೀರಿನ ಮೇಲೆ ಓಡಿಸುವ ಸ್ಕೂಟರ್‌ಗಳು. ಒಂದು 1997ರದ್ದು. ಟೂ ಸ್ಟ್ರೋಕ್ (ಪೆಟ್ರೋಲ್ ಜೊತೆ ಆಯಿಲ್ಲೂ ಉರಿಯುವ ಎಂಜಿನ್), ಎರಡು ಸಿಲಿಂಡರ್, ಎರಡು ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ). ಇನ್ನೊಂದು 2005ರದ್ದು, ಫೋರ್ ಸ್ಟ್ರೋಕ್, ಫ್ಯುಯೆಲ್ ಇಂಜೆಕ್ಷನ್, ಅಂದರೆ ಗಾಡಿಯ ಕಂಪ್ಯೂಟರೇ ಅಳೆದು ಪೆಟ್ರೋಲ್ ಚಿಮ್ಮಿಸುತ್ತದೆ. ನಡುವೆ ಒಂದೂವರೆ ವರ್ಷ ಮೂರನೆಯದೂ ಒಂದಿತ್ತು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಯಾವುದು ಒಳ್ಳೆಯದು ಅಂತ ತುಂಬ ಜನ ಕೇಳುತ್ತಾರೆ. ನಾನು ಮೊದಲು ಕೇಳುವುದು ಒಂದೇ: ಕೆಟ್ಟಾಗ ರಿಪೇರಿ ಮಾಡುವವರು ಯಾರು? ಇಪ್ಪತ್ತು ವರ್ಷ ದಾಟಿದ ಯಂತ್ರ ಅಂದಮೇಲೆ ಕೆಡುವುದಂತೂ ಗ್ಯಾರಂಟಿ.

ಕಾರ್ಬೊರೇಟರ್ ಗಾಡಿಯಿಂದಲೇ ಶುರು ಮಾಡುತ್ತೇನೆ, ನಾನು ಕಲಿತದ್ದೆಲ್ಲ ಅದರಿಂದಲೇ. ಬೈಕಿನ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅದರೊಳಗೊಂದು ಫ್ಲೋಟ್ ಇರುತ್ತದೆ ಅಲ್ವಾ, ಇದರಲ್ಲಿ ಅದಿಲ್ಲ. ತೆಳುವಾದ ಡಯಾಫ್ರಾಮ್, ಅಂದರೆ ಬಳುಕುವ ಪೊರೆ ಇರುತ್ತದೆ. ಎಂಜಿನ್ ಒಳಗಿನ ಒತ್ತಡ ಏರಿಳಿದ ಹಾಗೆ ಅದು ಮಿಡಿದು ಪೆಟ್ರೋಲ್ ಎಳೆದುಕೊಳ್ಳುತ್ತದೆ. ಹಾಗಾಗಿ ಅಲೆಯ ಮೇಲೆ ಎಷ್ಟೇ ವಾಲಿದರೂ ಎಂಜಿನ್ ನಿಲ್ಲುವುದಿಲ್ಲ. ಪೆಟ್ರೋಲ್ ತಳ್ಳುವುದಕ್ಕೆ ಕರೆಂಟೂ ಬೇಡ.

ತಗೊಂಡ ಮೊದಲ ವರ್ಷ ನಿಧಾನಕ್ಕೆ ಹೋದರೆ ಚೆನ್ನಾಗಿ ಓಡುತ್ತಿತ್ತು. ಪೂರ್ತಿ ಥ್ರಾಟಲ್ ಕೊಟ್ಟರೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ನಾನು ಮೂರು ವಾರ ಕಾರ್ಬೊರೇಟರ್‌ನ ಹೊಂದಾಣಿಕೆ ಸ್ಕ್ರೂ ತಿರುಗಿಸುತ್ತಾ ಕೂತೆ. ಆ ತಪ್ಪಿಗೆ ಹಿಂದಿನ ಸಿಲಿಂಡರ್‌ನ ಪಿಸ್ಟನ್ ಹೋಯಿತು. ಬಿಚ್ಚಿ ನೋಡಿದರೆ ಕಾರ್ಬೊರೇಟರ್ ಒಳಗೆ ಒಂದು ಪುಟ್ಟ ಜಾಲರಿ ಇದೆ, ಅದರ ತುಂಬ ಹಸಿರು ಅಂಟು. 1990ರ ದಶಕದ ಎಷ್ಟೋ ಜೆಟ್ ಸ್ಕೀಗಳಲ್ಲಿ ಬೂದು ಬಣ್ಣದ ಪೆಟ್ರೋಲ್ ಪೈಪ್ ಇರುತ್ತದೆ. ಅದು ವರ್ಷಗಳಾದಂತೆ ಒಳಗಿನಿಂದ ಕರಗಿ ಈ ಅಂಟಾಗುತ್ತದೆ. ಜಾಲರಿ ಕಟ್ಟಿದ ಸಿಲಿಂಡರ್‌ಗೆ ಪೆಟ್ರೋಲ್ ಕಡಿಮೆ ಹೋಗುತ್ತದೆ. ಪೆಟ್ರೋಲ್ ಜೊತೆ ಬರಬೇಕಾದ ತಂಪೂ, ಕೆಲವು ಗಾಡಿಗಳಲ್ಲಿ ಆಯಿಲ್ಲೂ ಕಡಿಮೆಯಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಅದಕ್ಕೇ ಹೇಳುತ್ತೇನೆ, ಹಳೆಯ ಕಾರ್ಬೊರೇಟರ್ ಗಾಡಿ ನೋಡಲು ಹೋದರೆ ಮೊದಲು ಸೀಟು ಎತ್ತಿ ಪೈಪಿನ ಬಣ್ಣ ನೋಡಿ. ಬೂದು ಇದ್ದರೆ ತಗೊಂಡ ವಾರವೇ ಎಲ್ಲ ಪೈಪ್ ಬದಲಿಸಿ, ಎರಡೂ ಕಾರ್ಬೊರೇಟರ್ ಒಟ್ಟಿಗೆ ಬಿಚ್ಚಿ ತೊಳೆಯಿರಿ. ಒಂದನ್ನು ಮಾತ್ರ ಮಾಡಿ ಇನ್ನೊಂದನ್ನು ಹಾಗೇ ಬಿಡಬೇಡಿ. ಡಯಾಫ್ರಾಮ್ ಕಿಟ್ ಕಾರ್ಬೊರೇಟರ್ ಕಂಪನಿಯದ್ದೇ ಇರಲಿ. ನಾನು ಒಮ್ಮೆ ಅಗ್ಗದ ಕಿಟ್ ಹಾಕಿ, ಮತ್ತೆ ಅದೇ ಕೆಲಸ ಮಾಡಬೇಕಾಯಿತು. ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಒತ್ತುವ ಒತ್ತಡ, ಅಳೆಯದೆ ಮಾತ್ರ ದುಡ್ಡು ಕೊಡಬೇಡಿ. ಎರಡು ಸಿಲಿಂಡರ್‌ಗಳ ನಡುವೆ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ.

ಇದರ ದೊಡ್ಡ ದೋಷ ಹೊಗೆ ಮತ್ತು ಪೆಟ್ರೋಲ್ ಖರ್ಚು. ಕಾರ್ಬೊರೇಟರ್ ಟೂ ಸ್ಟ್ರೋಕ್‌ನಲ್ಲಿ ಹಾಕಿದ ಪೆಟ್ರೋಲಿನ ಕಾಲು ಭಾಗದಷ್ಟು ಉರಿಯದೇ ಹೊರಗೆ, ಅಂದರೆ ನೀರಿಗೆ ಹೋಗಬಹುದು. ಅಮೆರಿಕದ ಟಾಹೋ ಸರೋವರದಲ್ಲಿ 1999ರಲ್ಲೇ ಇವನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ನೀವು ಓಡಿಸುವ ನೀರಿನಲ್ಲಿ ಟೂ ಸ್ಟ್ರೋಕ್‌ಗೆ ಅನುಮತಿ ಇದೆಯಾ ಅಂತ ಮೊದಲೇ ವಿಚಾರಿಸಿ. ನನಗೂ ನೀರಿನ ಮೇಲೆ ಆ ಎಣ್ಣೆಯ ಬಣ್ಣ ಕಂಡರೆ ಮನಸ್ಸಿಗೆ ಕಷ್ಟವಾಗುತ್ತದೆ. ಅದನ್ನು ಈಗ ಕಡಿಮೆ ಓಡಿಸುತ್ತೇನೆ.

ಇನ್ನು ಆ ಮೂರನೆಯದು. ಟೂ ಸ್ಟ್ರೋಕ್, ಆದರೆ ಡೈರೆಕ್ಟ್ ಇಂಜೆಕ್ಷನ್. 1990ರ ದಶಕದ ಕೊನೆಗೆ ಹೊಗೆಯ ನಿಯಮ ಬಿಗಿಯಾದಾಗ ಕಂಪನಿಗಳು ತಂದ ದಾರಿ ಇದು. ಪೆಟ್ರೋಲ್ ಉಳಿತಾಯ ನಿಜಕ್ಕೂ ಚೆನ್ನಾಗಿತ್ತು, ಹೊಗೆಯೂ ಕಡಿಮೆ. ನನ್ನದರಲ್ಲಿ ಪೆಟ್ರೋಲನ್ನು ಸಿಲಿಂಡರ್ ಒಳಗೆ ಚಿಮ್ಮಿಸಲು ಗಾಳಿಯ ಪುಟ್ಟ ಕಂಪ್ರೆಸರ್ ಬೇರೆ ಇತ್ತು. ಗಾಳಿಯ ಒತ್ತಡ, ಪೆಟ್ರೋಲಿನ ಒತ್ತಡ, ಸೆನ್ಸರ್‌ಗಳು, ಎಲ್ಲವೂ ಸರಿಯಾಗಿ ಕೂಡಿ ಬಂದರೆ ಮಾತ್ರ ಸ್ಟಾರ್ಟ್. ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹತ್ತುತ್ತಿರಲಿಲ್ಲ. ಮೂವರು ಮೆಕ್ಯಾನಿಕ್‌ಗಳು ಮೂರು ಕಾರಣ ಹೇಳಿದರು. ಬೇಕಾದ ಭಾಗ ಹೊಸದು ಸಿಗಲೇ ಇಲ್ಲ. ಕೊನೆಗೆ ವಿಷಯ ಪೂರ್ತಿ ಹೇಳಿಯೇ ಮಾರಿದೆ. ಆ ಕಾಲದ ಟೂ ಸ್ಟ್ರೋಕ್ ಡೈರೆಕ್ಟ್ ಇಂಜೆಕ್ಷನ್ ತಗೊಳ್ಳಿ ಅಂತ ಯಾರಿಗೂ ಹೇಳುವುದಿಲ್ಲ. ಆ ಎಂಜಿನ್ ಚೆನ್ನಾಗಿ ಬಲ್ಲ ಮೆಕ್ಯಾನಿಕ್ ನಿಮಗೆ ಗೊತ್ತಿದ್ದರೆ ಮಾತು ಬೇರೆ.

ಫೋರ್ ಸ್ಟ್ರೋಕ್ ಇಂಜೆಕ್ಷನ್ ಸಮಾಚಾರ ಪೂರ್ತಿ ಬೇರೆ. 2002ರಲ್ಲಿ ಯಮಹಾ ಎಫ್‌ಎಕ್ಸ್140, ಸೀ-ಡೂ ಜಿಟಿಎಕ್ಸ್ 4-ಟೆಕ್, ಹೋಂಡಾ ಅಕ್ವಾಟ್ರ್ಯಾಕ್ಸ್ ಬಂದವು. ಅಲ್ಲಿಂದ ಮುಂದಿನವು ಕಾರಿನ ಎಂಜಿನ್‌ನಂತೆಯೇ. ನನ್ನ 2005ರ ಗಾಡಿಗೆ ಚೋಕ್ ಎಳೆಯಬೇಕಿಲ್ಲ. ತಿಂಗಳು ನಿಂತಿದ್ದರೂ ಬಟನ್ ಒತ್ತಿದರೆ ಸ್ಟಾರ್ಟ್. ನಿಧಾನಕ್ಕೆ ಹೋಗುವಾಗ ಪಕ್ಕದಲ್ಲಿ ಕೂತವರ ಮಾತು ಕೇಳಿಸುತ್ತದೆ.

ಆದರೆ ಇದು ಮುನ್ಸೂಚನೆ ಕೊಡುವುದು ಕಡಿಮೆ. ನಿನ್ನೆ ಓಡಿದ್ದು ಇವತ್ತು ಸುಮ್ನೆ ನಿಂತುಬಿಡಬಹುದು. ಒಮ್ಮೆ ಹಾಗೆ ಆದಾಗ ಊಹೆಯ ಮೇಲೆ ಎರಡು ಸೆನ್ಸರ್ ತಂದು ಹಾಕಿದೆ. ತೊಂದರೆ ಇದ್ದದ್ದು ಅರ್ತ್ ವೈರಿನ ತುದಿಯಲ್ಲಿ, ಉಪ್ಪುನೀರಿಗೆ ತುಕ್ಕು ಹಿಡಿದು. ಈಗ ವರ್ಷಕ್ಕೊಮ್ಮೆ ಎಲ್ಲ ಕನೆಕ್ಟರ್ ಬಿಚ್ಚಿ, ಒಣಗಿಸಿ, ನೀರು ಒಳಗೆ ಹೋಗದಂತೆ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚುತ್ತೇನೆ. ಬ್ಯಾಟರಿ ವೋಲ್ಟೇಜ್ ಕಡಿಮೆಯಾದರೆ ಇಂಜೆಕ್ಷನ್ ಗಾಡಿ ತಲೆ ಕೆಟ್ಟ ಹಾಗೆ ಆಡುತ್ತದೆ, ಅದನ್ನೇ ಮೊದಲು ಪರೀಕ್ಷಿಸಿ. ಕೊಳ್ಳುವಾಗ ಎಂಜಿನ್ ತಣ್ಣಗಿರಬೇಕು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಕಂಪ್ಯೂಟರ್ ಹಾಕಿ ಓಡಿದ ಗಂಟೆ ಮತ್ತು ದೋಷದ ಕೋಡ್‌ಗಳನ್ನು ಓದಿಸಿ.

ಗಾಡಿ ಮಗುಚಿ ಎಂಜಿನ್‌ಗೆ ನೀರು ಹೋದರೆ ಏನು ಅಂತಲೂ ಯೋಚಿಸಿ. ಟೂ ಸ್ಟ್ರೋಕ್‌ನಲ್ಲಿ ಪ್ಲಗ್ ಬಿಚ್ಚಿ, ನೀರು ಹೊರಗೆ ತಳ್ಳಿಸಿ, ತಡಮಾಡದೆ ಸ್ಟಾರ್ಟ್ ಮಾಡಿ ಓಡಿಸಿದರೆ ಸಾಮಾನ್ಯವಾಗಿ ಉಳಿಯುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಆಯಿಲ್‌ಗೂ ನೀರು ಸೇರಿ ಹಾಲಿನಂತಾಗುತ್ತದೆ. ಅದು ತಿಳಿಯಾಗುವ ತನಕ ಮತ್ತೆ ಮತ್ತೆ ಆಯಿಲ್ ಬದಲಿಸಬೇಕು.

ಮನೆಯವರೆಲ್ಲ ಕೂತು ಹೋಗುವುದಕ್ಕೆ, ರಜೆಯಲ್ಲಿ ಮಾತ್ರ ಓಡಿಸುವುದಕ್ಕೆ ಫೋರ್ ಸ್ಟ್ರೋಕ್ ಇಂಜೆಕ್ಷನ್ ತಗೊಳ್ಳಿ. ಹತ್ತಿರದಲ್ಲಿ ಕಂಪ್ಯೂಟರ್ ಹಾಕಿ ನೋಡುವವರು ಇಲ್ಲ, ಸ್ಪ್ಯಾನರ್ ಹಿಡಿಯಲು ನಿಮಗೇ ಇಷ್ಟ ಅಂದರೆ ಕಾರ್ಬೊರೇಟರ್. ನನ್ನ 1997ರದ್ದನ್ನು ಮಾರುವ ಮನಸ್ಸಿಲ್ಲ. ಕಪ್ಪು ಪೈಪ್ ಹಾಕಿ ಆರು ವರ್ಷವಾಯಿತು. ಈ ಸಲ ಕಾರ್ಬೊರೇಟರ್ ಬಿಚ್ಚಿದಾಗ ಎರಡೂ ಜಾಲರಿಗಳು ಸ್ವಚ್ಛವಾಗಿದ್ದವು.